ಹಜರತ್, ಜೀನ್ಸ್ ಫೋಟೋ ಬಗ್ಗೆಯೂ ಒಂದು ಬಯಾನ್ ಮಾಡಿ

ಬಳ್ಳಾರಿಯ ಮಸೀದಿ ಕಮಿಟಿಗಳ ಹಿರಿಯರಿಗೆ, ಇಮಾಮ್ ಸಾಹೇಬರಿಗೆ, ಅಸ್ಸಲಾಮು ಅಲೈಕುಮ್.

ನಾನು ಕೌಲ್ ಬಜಾರ್ ಕಡೆಯವಳು. ಮಕ್ಕಳ ಜೀನ್ಸ್ ಹೊಲಿಸಿ ಆನ್‌ಲೈನಲ್ಲಿ ಮಾರುತ್ತೇನೆ. ದೊಡ್ಡ ಯೂನಿಟ್ ಏನಲ್ಲ. ಮುಂದಿನ ಕೋಣೆಯಲ್ಲಿ ಮೆಷಿನ್, ಹಿಂದಿನ ಕೋಣೆಯಲ್ಲಿ ಪ್ಯಾಕಿಂಗ್, ವಾಷಿಂಗ್ ಹೊರಗೆ ಕೊಡುತ್ತೇವೆ. ಈ ಪತ್ರವನ್ನು ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆಯಲು ಕಾರಣ ಇದೆ. ನಮ್ಮ ಓಣಿಯ ಹುಡುಗ ಹುಡುಗಿಯರು ಕನ್ನಡ ಶಾಲೆಯಲ್ಲಿ ಓದಿದವರು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ನಾವು ಯಾವ ನಿಯಮ ಪಾಲಿಸಬೇಕಾದವರು ಅಂತ ಅವರಿಗೂ ಗೊತ್ತಿರಲಿ, ತಪ್ಪಿದರೆ ಮುಖದ ಮೇಲೆ ಕೇಳಲಿ.

ವ್ಯಾಪಾರ ಅಂದ ಕೂಡಲೇ ನಮ್ಮ ಮಸೀದಿಗಳ ಬಯಾನಿನಲ್ಲಿ, ಅಂದರೆ ಪ್ರವಚನದಲ್ಲಿ, ಕೇಳಿಬರುವ ಮಾತು ಒಂದೇ, ಬಡ್ಡಿ ಹರಾಮ್. ಸರಿ. ಅಲ್ಲಾಹ್ ವ್ಯಾಪಾರವನ್ನು ಹಲಾಲ್ ಮಾಡಿದ್ದಾನೆ, ಬಡ್ಡಿಯನ್ನು ಹರಾಮ್ ಮಾಡಿದ್ದಾನೆ ಅಂತ ಸೂರಃ ಬಕರಾದ 275ನೇ ಆಯತ್ತಿನಲ್ಲೇ ಇದೆ. ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಆ ಮಾತಿನ ಮೊದಲ ಅರ್ಧ ಇದೆಯಲ್ಲ, ಹಲಾಲ್ ವ್ಯಾಪಾರ ಅಂದರೆ ಏನು, ಹೇಗೆ ಮಾಡಬೇಕು ಅನ್ನೋದು, ಅದನ್ನು ಯಾವಾಗ ಹೇಳುತ್ತೀರಿ? ಬ್ಯಾಂಕಿನ ಒಂದು ಪೈಸೆ ಸಾಲ ಇಲ್ಲದ, ಐದು ಹೊತ್ತಿನ ನಮಾಜ್ ತಪ್ಪಿಸದ ಹುಡುಗ ಯಾರದೋ ದೊಡ್ಡ ಕಂಪನಿಯ ಫೋಟೋ ತೆಗೆದು ತನ್ನ ಪ್ಯಾಂಟಿಗೆ ಹಾಕಿ ಮಾರುತ್ತಾನೆ. ಅವನಿಗೆ ತಪ್ಪು ಅಂತ ಅನ್ನಿಸುವುದೇ ಇಲ್ಲ. ಅವನು ಬಡ್ಡಿ ಮುಟ್ಟಿಲ್ಲ, ಹಾಗಾಗಿ ತನ್ನ ದುಡ್ಡು ಶುದ್ಧ ಅಂದುಕೊಂಡಿದ್ದಾನೆ.

ಒಮ್ಮೆ ಮನೆಯವರ ಮೂಲಕ ಒಬ್ಬ ಹಿರಿಯರಿಗೆ ಕೆಲವು ಪ್ರಶ್ನೆ ಬರೆದು ಕಳಿಸಿದ್ದೆ. ‘ಮೋಸ ಮಾಡಬೇಡಿ ಅಂತ ಹೇಳಿ, ಅಷ್ಟು ಸಾಕು’ ಅಂತ ಉತ್ತರ ಬಂತು. ಸಾಕಾಗಲ್ಲ. ಉಪವಾಸ ಇರಿ ಅಂತ ಮಾತ್ರ ಹೇಳಿ ಸುಮ್ಮನಾಗುತ್ತೀರಾ? ಸಹರಿ ಎಷ್ಟು ಹೊತ್ತಿಗೆ, ಮರೆತು ನೀರು ಕುಡಿದರೆ ಏನು, ಕಣ್ಣಿಗೆ ಔಷಧಿ ಹಾಕಬಹುದಾ, ಎಲ್ಲಾ ಬಿಡಿಸಿ ಬಿಡಿಸಿ ಹೇಳುತ್ತೀರಿ. ವ್ಯಾಪಾರಕ್ಕೂ ನಮ್ಮ ಧರ್ಮಶಾಸ್ತ್ರವಾದ ಫಿಕ್‌ಹ್‌ನಲ್ಲಿ ಅಷ್ಟೇ ದಪ್ಪದ ಅಧ್ಯಾಯಗಳಿವೆ. ದೀನಿನ, ಅಂದರೆ ಧರ್ಮದ, ತಿಳಿವಳಿಕೆ ಇಲ್ಲದವರು ನಮ್ಮ ಬಜಾರಿನಲ್ಲಿ ಮಾರಾಟಕ್ಕೆ ಕೂರಬಾರದು ಅಂತ ಎರಡನೇ ಖಲೀಫಾ ಹಜರತ್ ಉಮರ್ ಹೇಳಿದ್ದು ತಿರ್ಮಿದಿ ಅನ್ನುವ ಹದೀಸ್ (ಪ್ರವಾದಿಯವರ ನಡೆನುಡಿಯ) ಸಂಗ್ರಹದಲ್ಲಿದೆ. ಈಗ ಬಜಾರ್ ಫೋನಿನೊಳಗಿದೆ, ಇನ್‌ಸ್ಟಾಗ್ರಾಮಿನಲ್ಲಿದೆ, ವಾಟ್ಸಾಪ್ ಗ್ರೂಪಿನಲ್ಲಿದೆ. ಅಲ್ಲಿ ಕೂರುವವರಿಗೆ ಯಾರು ಕಲಿಸಬೇಕು?

ಮೊದಲು ಫೋಟೋ ವಿಷಯ. ನನಗೆ ಎಲ್ಲಕ್ಕಿಂತ ಇದೇ ದೊಡ್ಡದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಬೆಂಗಳೂರು ರಸ್ತೆಯ ಅಂಗಡಿಗೆ ಒಬ್ಬ ರೈತ ಮಗನಿಗೆ ಪ್ಯಾಂಟ್ ತೆಗೆದುಕೊಳ್ಳಲು ಬರುತ್ತಾನೆ ಅಂತ ಇಟ್ಟುಕೊಳ್ಳಿ. ಬಟ್ಟೆಯನ್ನು ಬೆರಳಲ್ಲಿ ಹಿಸುಕಿ ನೋಡುತ್ತಾನೆ. ಹೊಲಿಗೆ ಎಳೆದು ನೋಡುತ್ತಾನೆ. ಜಿಪ್ ಮೇಲೆ ಕೆಳಗೆ ಮಾಡುತ್ತಾನೆ. ಸೊಂಟದ ಪಟ್ಟಿಯನ್ನು ಮಗನ ಕುತ್ತಿಗೆಗೆ ಸುತ್ತಿ ಸೈಜ್ ನೋಡುತ್ತಾನೆ. ಬಣ್ಣ ಸರಿ ಇದೆಯಾ ಅಂತ ಬಾಗಿಲ ಹತ್ತಿರ ಬಿಸಿಲಿಗೆ ಹಿಡಿಯುತ್ತಾನೆ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರ ಇಲ್ಲವಲ್ಲ. ಅದೇ ರೈತನ ಮಗಳು ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಕೂತು ಫೋನಿನಲ್ಲಿ ತಮ್ಮನಿಗೆ ಪ್ಯಾಂಟ್ ತರಿಸುವಾಗ ಇದ್ಯಾವುದೂ ಇಲ್ಲ. ಬೆರಳಿಲ್ಲ, ಬಿಸಿಲಿಲ್ಲ, ಕುತ್ತಿಗೆ ಅಳತೆ ಇಲ್ಲ. ನಾವು ತೋರಿಸಿದ್ದನ್ನು ಮಾತ್ರ ಅವಳು ನೋಡುತ್ತಾಳೆ.

ಹುಜೂರ್, ನಮ್ಮ ಪ್ರವಾದಿ ಮುಹಮ್ಮದ್ ಸಲ್ಲಲ್ಲಾಹು ಅಲೈಹಿ ವಸಲ್ಲಮ್, ಧಾನ್ಯದ ರಾಶಿಯೊಳಗೆ ಕೈ ಹಾಕಿದ ಹದೀಸ್ ನಿಮಗೆ ನಾನು ಹೇಳಬೇಕಾಗಿಲ್ಲ, ಸಹೀಹ್ ಮುಸ್ಲಿಮ್‌ನಲ್ಲಿದೆ. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಇದೇನು ಅಂತ ಕೇಳಿದರೆ ಮಳೆ ಬಿತ್ತು ಅಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವ ಹಾಗೆ ಅದನ್ನು ಮೇಲೆ ಯಾಕೆ ಇಡಲಿಲ್ಲ, ಮೋಸ ಮಾಡಿದವನು ನಮ್ಮವನಲ್ಲ ಅಂದರು. ನನಗೆ ಇದರಲ್ಲಿ ತುಂಬಾ ಕಾಡುವುದು ಒಂದೇ ವಿಷಯ. ಮಳೆ ಬಿದ್ದದ್ದು ಆ ವ್ಯಾಪಾರಿಯ ತಪ್ಪಲ್ಲ. ಒದ್ದೆ ಕಾಳು ಮಾರಬಾರದು ಅಂತಲೂ ಅವರು ಹೇಳಲಿಲ್ಲ. ಎಲ್ಲಿ ಇಟ್ಟೆ ಅನ್ನೋದನ್ನು ಮಾತ್ರ ಕೇಳಿದರು. ಅಲ್ಲಿಯಾದರೂ ಕೈ ಹಾಕಿ ನೋಡಲು ರಾಶಿ ಮುಂದೆಯೇ ಇತ್ತು. ಆನ್‌ಲೈನಲ್ಲಿ ಗಿರಾಕಿಗೆ ಕೈಯೇ ಇಲ್ಲ, ಅವರ ಪರವಾಗಿ ರಾಶಿಯೊಳಗೆ ಕೈ ಹಾಕಿ ತೋರಿಸಬೇಕಾದವರು ನಾವೇ.

ಈಗ ನಡೆಯುವುದು ಏನು? ರಿಂಗ್ ಲೈಟ್ ಹಚ್ಚಿ, ಫಿಲ್ಟರ್ ಹಾಕಿ, ಮಾಸಿದ ನೀಲಿಯನ್ನು ಕಡುನೀಲಿ ಮಾಡುತ್ತಾರೆ. ಒಂದು ಲಾಟಿಗೂ ಇನ್ನೊಂದು ಲಾಟಿಗೂ ವಾಷಿಂಗಿನಲ್ಲಿ ಶೇಡ್ ಬೇರೆ ಬರುವುದು ಸಹಜ, ಅದು ನಮಗೆಲ್ಲ ಗೊತ್ತು, ಆದರೂ ಫೋಟೋ ಹಳೆ ಲಾಟಿನದ್ದೇ ಇರುತ್ತೆ. ಪಾಲಿಸ್ಟರ್ ಮಿಕ್ಸ್ ಬಟ್ಟೆಗೆ ‘ಪ್ಯೂರ್ ಕಾಟನ್’ ಅಂತ ಬರೆಯುತ್ತಾರೆ. ಮೊದಲ ಸಲ ಒಗೆದಾಗ ಉದ್ದ ಕಡಿಮೆ ಆಗುತ್ತೆ ಅಂತ ಹೊಲಿದವರಿಗೆ ಗೊತ್ತು, ಕೊಳ್ಳುವವರಿಗೆ ಹೇಳಲ್ಲ. ರಿಜೆಕ್ಟ್ ಆದ ಮಾಲನ್ನು, ನಾವು ಸೆಕೆಂಡ್ಸ್ ಅಂತೀವಲ್ಲ ಅದನ್ನು, ಫ್ರೆಶ್ ಮಾಲಿನ ಜೊತೆ ಸೇರಿಸಿ ಕಳಿಸುತ್ತಾರೆ. ಇನ್ನು ‘ಫಸ್ಟ್ ಕಾಪಿ’ ಅಂತ ಬೇರೆ ಬ್ರ್ಯಾಂಡಿನ ಲೇಬಲ್ ಹೊಡೆಯುವುದಂತೂ ಯಾರಿಗೂ ಪಾಪ ಅನ್ನಿಸುತ್ತಲೇ ಇಲ್ಲ. ಗಿರಾಕಿಗೆ ಗೊತ್ತಿರುತ್ತಲ್ಲ ಅಂತಾರೆ. ಗಿರಾಕಿಗೆ ಗೊತ್ತಿರಬಹುದು, ಆದರೆ ಹೆಸರು ಯಾರದು? ಅವರನ್ನು ಕೇಳಿದ್ದೀರಾ? ಕಾನೂನಿನಲ್ಲೂ ಅದು ಟ್ರೇಡ್‌ಮಾರ್ಕ್ ಅಪರಾಧ. ನಮ್ಮ ಊರಿನ ಕೈಗೆ ಇಷ್ಟು ಹೆಸರಿದೆ, ಬ್ರಿಟಿಷರ ದಂಡಿಗೆ ಸಮವಸ್ತ್ರ ಹೊಲಿದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಅಂತ ಹಿರಿಯರು ಹೇಳುತ್ತಾರೆ, ಅಷ್ಟು ಹಳೆಯ ಊರಿನ ಹೊಲಿಗೆಗೆ ಯಾರದೋ ಲೇಬಲ್ ಯಾಕೆ ಬೇಕೋ ನನಗಂತೂ ಅರ್ಥ ಆಗಿಲ್ಲ.

ನಾನು ಮಾಡುವುದು ಹೇಳುತ್ತೇನೆ, ಅದೇ ಸರಿ ಅಂತಲ್ಲ, ನೀವು ತಿದ್ದಿ. ಫಿಲ್ಟರ್ ಇಲ್ಲದೆ ಮಾಳಿಗೆ ಮೇಲೆ ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆಯುತ್ತೇನೆ. ವಯಸ್ಸಿನ ಸೈಜ್ ನಂಬಬೇಡಿ ಅಂತ ಬರೆದು, ಸೊಂಟಕ್ಕೂ ಉದ್ದಕ್ಕೂ ಟೇಪ್ ಇಟ್ಟು ಇಂಚು ಕಾಣುವ ಹಾಗೆ ಒಂದು ಫೋಟೋ ಹಾಕುತ್ತೇನೆ. ಬಟ್ಟೆಯಲ್ಲಿ ಎಷ್ಟು ಪಾಲಿಸ್ಟರ್ ಇದೆ ಅಂತ ಬರೆಯುತ್ತೇನೆ. ಸೆಕೆಂಡ್ಸ್ ಇದ್ದರೆ ಬೇರೆ ಲಿಸ್ಟಿಂಗ್, ಕಡಿಮೆ ರೇಟ್, ದೋಷ ಇರುವ ಜಾಗಕ್ಕೆ ಚಾಕ್ ಪೀಸಿನಲ್ಲಿ ಸುತ್ತು ಹಾಕಿ ಫೋಟೋ. ಇದರಿಂದ ಆರ್ಡರ್ ಕಡಿಮೆ ಆಗುತ್ತೆ, ಸುಳ್ಳು ಹೇಳಲ್ಲ. ಪಕ್ಕದ ಲಿಸ್ಟಿಂಗ್ ಕಡುನೀಲಿ ಹೊಳೆಯುವಾಗ ನನ್ನದು ಮಂಕಾಗಿ ಕಾಣುತ್ತೆ. ಮಾರುವವರೂ ಕೊಳ್ಳುವವರೂ ನಿಜ ಹೇಳಿ ದೋಷ ಬಿಚ್ಚಿಟ್ಟರೆ ಆ ವ್ಯವಹಾರದಲ್ಲಿ ಬರಕತ್, ಅಂದರೆ ದೇವರ ಅನುಗ್ರಹ, ಇರುತ್ತೆ, ಮುಚ್ಚಿಟ್ಟರೆ ಬರಕತ್ ಅಳಿಸಿಹೋಗುತ್ತೆ ಅಂತ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಂಬಿದ್ದೇನೆ. ಆದರೆ ಒಬ್ಬಳೇ ನಂಬಿ ಕೂತರೆ ಕಷ್ಟ. ಬಜಾರಿಗೆ ಬಜಾರೇ ಹೀಗೆ ಮಾಡಿದರೆ ಮಂಕು ಫೋಟೋ ಯಾರಿಗೂ ನಷ್ಟ ಮಾಡಲ್ಲ, ಅಲ್ವಾ? ಅದಕ್ಕೇ ನಿಮಗೆ ಬರೆಯುತ್ತಿರುವುದು.

ಇನ್ನು ವಾಪಸ್ ವಿಷಯ. ಎಷ್ಟೋ ಪೇಜುಗಳಲ್ಲಿ ಮೇಲೆ ಬಿಸ್ಮಿಲ್ಲಾ, ಕೆಳಗೆ ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’. ಇವೆರಡೂ ಒಂದೇ ಪೇಜಿನಲ್ಲಿ ಹೇಗೆ ಇರುತ್ತವೆ ಹಜರತ್? ಈ ಊರಿನಲ್ಲಿ ನಾವು ಹೆಚ್ಚಿನವರು ಹನಫಿಗಳು, ಇಮಾಮ್ ಅಬೂ ಹನೀಫಾ ಅವರ ಪದ್ಧತಿ ಪಾಲಿಸುವವರು. ಹನಫಿ ಫಿಕ್‌ಹ್‌ನಲ್ಲಿ ಖಿಯಾರೆ ರುಯತ್ ಅಂತ ಇದೆ. ನೋಡದೆ ಕೊಂಡವರಿಗೆ ನೋಡಿದ ಮೇಲೆ ಬೇಡ ಅನ್ನುವ ಹಕ್ಕು. ಮಾಲಿನಲ್ಲಿ ದೋಷ ಇರಲೇಬೇಕು ಅಂತಿಲ್ಲ. ನೋಡುವ ಮೊದಲು ‘ನನಗೆ ಒಪ್ಪಿಗೆ’ ಅಂದಿದ್ದರೂ ಆ ಹಕ್ಕು ಹೋಗಲ್ಲ. ದೋಷ ಇದ್ದರೆ ಅದಕ್ಕೆ ಬೇರೆಯದೇ ಹಕ್ಕು, ಖಿಯಾರೆ ಐಬ್. ನೂರಾರು ವರ್ಷ ಹಿಂದೆ ಬರೆದಿಟ್ಟ ಈ ನಿಯಮ ಆನ್‌ಲೈನ್ ವ್ಯಾಪಾರಕ್ಕೇ ಮಾಡಿದ ಹಾಗಿದೆ. ಇಮಾಮ್ ಅಬೂ ಹನೀಫಾ ಸ್ವತಃ ಕೂಫಾದಲ್ಲಿ ಬಟ್ಟೆ ವ್ಯಾಪಾರಿ ಅನ್ನೋದನ್ನು ನಮ್ಮ ಹುಡುಗರಿಗೆ ಯಾರಾದರೂ ಹೇಳಿದ್ದಾರಾ? ಅವರ ಪಾಲುದಾರ ಒಂದು ತಾನಿನ ದೋಷ ಹೇಳದೆ ಮಾರಿಬಿಟ್ಟಾಗ, ಕೊಂಡವರು ಯಾರು ಅಂತ ಪತ್ತೆ ಆಗದೆ, ಬಂದ ಹಣವನ್ನು ಅಷ್ಟೂ ದಾನ ಮಾಡಿದರು ಅಂತ ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ನಮಾಜಿನಲ್ಲಿ ಕೈ ಎಲ್ಲಿ ಕಟ್ಟಬೇಕು ಅನ್ನೋದಕ್ಕೆ ಅವರನ್ನು ಕೇಳುತ್ತೇವೆ, ಪ್ಯಾಂಟ್ ವಾಪಸ್ ತೆಗೆದುಕೊಳ್ಳಬೇಕಾ ಅನ್ನೋದಕ್ಕೆ ಕೇಳಲ್ಲ.

ಇಲ್ಲಿ ನಿಜವಾದ ಪ್ರಶ್ನೆಗಳೂ ಇವೆ, ನನಗೆ ಉತ್ತರ ಬೇಕು. ಫೋಟೋ, ವಿಡಿಯೋ, ಅಳತೆ ಎಲ್ಲಾ ಸರಿಯಾಗಿ ತೋರಿಸಿದ್ದರೆ ಅದು ‘ನೋಡಿದ ಹಾಗೆ’ ಆಗುತ್ತಾ? ವಾಪಸ್ ಕೊರಿಯರ್ ಖರ್ಚು ಯಾರ ಮೇಲೆ? ಕ್ಯಾಶ್ ಆನ್ ಡೆಲಿವರಿ ಆರ್ಡರ್ ಮಾಡಿ, ಬಾಗಿಲಿಗೆ ಬಂದಾಗ ಫೋನ್ ಎತ್ತದೆ ಇರುವವರಿಗೆ ಏನು ಹೇಳಬೇಕು? ಪಾರ್ಸೆಲ್ ಡೆಲಿವರಿ ಆಗದೆ ತಿರುಗಿ ಬರುತ್ತೆ. ಹೋಗೋ ಬರೋ ಖರ್ಚು ನಮ್ಮ ತಲೆಗೆ. ಮದುವೆಗೆ ಹಾಕಿಸಿಕೊಂಡು ಮರುದಿನ ಬೆವರು ವಾಸನೆ ಸಮೇತ ವಾಪಸ್ ಕಳಿಸುವವರೂ ಇದ್ದಾರೆ. ಅದು ಗಿರಾಕಿಯ ಕಡೆಯ ಮೋಸ, ಅದನ್ನೂ ಬಯಾನಿನಲ್ಲಿ ಹೇಳಿ, ಏಕೆಂದರೆ ನಮ್ಮವರೂ ಅದನ್ನು ಮಾಡುತ್ತಾರೆ. ಆದರೆ ಕೊಂಡು ಪಶ್ಚಾತ್ತಾಪ ಪಟ್ಟವರ ಮಾಲು ಹಿಂದಕ್ಕೆ ತೆಗೆದುಕೊಂಡರೆ ಅಲ್ಲಾಹ್ ಅವರ ತಪ್ಪುಗಳನ್ನು ಮನ್ನಿಸುತ್ತಾನೆ ಅನ್ನುವ ಹದೀಸ್ ಅಬೂ ದಾವೂದ್‌ನಲ್ಲಿದೆಯಲ್ಲ, ಅದನ್ನು ಮೊದಲು ಹೇಳಿ.

ಅಂದಹಾಗೆ ಸರ್ಕಾರದ ನಿಯಮವೂ ಇದೇ ದಾರಿಯಲ್ಲಿದೆ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮದ ಪ್ರಕಾರ ಮಾಲು ಹಾಳಾಗಿದ್ದರೆ, ನಕಲಿ ಆಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ಗಿರಾಕಿಯ ವೇಷ ಹಾಕಿ ತಮ್ಮ ಮಾಲಿಗೆ ತಾವೇ ರಿವ್ಯೂ ಬರೆಯುವ ಹಾಗೂ ಇಲ್ಲ. ಗ್ರಾಹಕ ಸಹಾಯವಾಣಿ 1915. ನಮ್ಮ ಪೇಜಿನಲ್ಲಿ ಆ ನಂಬರ್ ಹಾಕಿದ್ದೇನೆ. ಇನ್ನೊಬ್ಬ ವ್ಯಾಪಾರಿ ನೋಡಿ ‘ನಿನಗೆ ಹುಚ್ಚಾ ಆಪಾ’ ಅಂದ.

ರಿವ್ಯೂ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಮ್ಮನ ಫೋನ್, ಅತ್ತಿಗೆಯ ಫೋನ್, ಕಾಲೇಜು ಗೆಳೆಯರ ಫೋನ್, ಎಲ್ಲದರಿಂದ ಐದು ಸ್ಟಾರ್. ಪಾರ್ಸೆಲ್ ಒಳಗೆ ಚೀಟಿ, ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ಐವತ್ತು ರೂಪಾಯಿ. ‘ಕೊನೆಯ ಎರಡೇ ಪೀಸ್’ ಅಂತ ಬರೆದಿರುತ್ತೆ, ಒಳಗೆ ಗೋಣಿಚೀಲಗಟ್ಟಲೆ ಮಾಲು. ಹತ್ತು ನಿಮಿಷ ಎಣಿಸುವ ಗಡಿಯಾರ, ಮುಗಿದ ಮೇಲೆ ಮತ್ತೆ ಹತ್ತು ನಿಮಿಷ. 1,999ಕ್ಕೆ ಗೆರೆ ಎಳೆದು 499. ಆ ಪ್ಯಾಂಟ್ ಯಾವ ಜನ್ಮದಲ್ಲೂ 1,999ಕ್ಕೆ ಮಾರಾಟ ಆಗಿಲ್ಲ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಿ ಕೂಗಿ ಇನ್ನೊಬ್ಬರನ್ನು ಬೀಳಿಸುವುದನ್ನು ನಜಶ್ ಅಂತ ಹುಜೂರ್ ನಿಷೇಧಿಸಿದ್ದಾರೆ. ಸುಳ್ಳು ರಿವ್ಯೂ ಅದರ ತಮ್ಮ ಅಂತ ನನ್ನ ಅನಿಸಿಕೆ, ಸರಿಯಾ ತಪ್ಪಾ ನೀವೇ ಹೇಳಬೇಕು. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಚಾಲಾಕಿಗಳ ಪಟ್ಟಿ ಮಾಡಿ ನಿಷೇಧಿಸಿದೆ, ಸುಳ್ಳು ಅವಸರ ಹುಟ್ಟಿಸುವುದು, ಗೊತ್ತಾಗದ ಹಾಗೆ ಬುಟ್ಟಿಗೆ ಮಾಲು ಸೇರಿಸುವುದು, ಕೊನೆಯಲ್ಲಿ ಖರ್ಚು ಏರಿಸುವುದು ಎಲ್ಲಾ ಅದರಲ್ಲಿದೆ. ಅದರ ಒಂದು ಪ್ರತಿ ತರಿಸಿ ಓದಿ. ನಿಮಗೆ ಹೊಸದು ಏನೂ ಅನ್ನಿಸಲ್ಲ, ಎಲ್ಲಾ ನೀವು ಮದರಸಾದಲ್ಲಿ ಓದಿದ್ದೇ.

ಆಣೆ ಹಾಕುವುದನ್ನಂತೂ ದಯವಿಟ್ಟು ನಿಲ್ಲಿಸಲು ಹೇಳಿ. ಲೈವ್ ವಿಡಿಯೋದಲ್ಲಿ ‘ಅಲ್ಲಾ ಕಸಮ್, ಅಸಲು ರೇಟಿಗೇ ಕೊಡ್ತಿದ್ದೀನಿ’ ಅಂತ ನಮ್ಮ ಹುಡುಗರು ಕೂಗುತ್ತಾರೆ. ಆಣೆ ಮಾಲನ್ನು ಮಾರಿಸುತ್ತೆ, ಬರಕತ್ ಅಳಿಸುತ್ತೆ ಅಂತ ಹದೀಸ್ ಇದೆ.

ಈಗ ಸ್ವಲ್ಪ ತೊಡಕಿನ ವಿಷಯ, ಕೈಯಲ್ಲಿ ಇಲ್ಲದ ಮಾಲು ಮಾರುವುದು. ಬಳ್ಳಾರಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ರೀಸೆಲ್ಲಿಂಗ್ ಮಾಡುತ್ತಾರೆ. ಸೂರತ್ತಿನ ಯಾವುದೋ ಗ್ರೂಪಿನಿಂದ ಫೋಟೋ ಬರುತ್ತೆ, ಮೇಲೆ ನೂರು ರೂಪಾಯಿ ಹಾಕಿ ತಮ್ಮ ಗ್ರೂಪಿಗೆ ಹಾಕುತ್ತಾರೆ, ಯಾರಾದರೂ ದುಡ್ಡು ಕಳಿಸಿದರೆ ಅಲ್ಲಿಗೆ ಆರ್ಡರ್ ಕೊಡುತ್ತಾರೆ. ಮಾಲನ್ನು ಇವರು ಮುಟ್ಟುವುದೇ ಇಲ್ಲ. ಹುಜೂರರ ಸಂಗಾತಿ ಹಕೀಮ್ ಬಿನ್ ಹಿಜಾಮ್ ಇದನ್ನೇ ಹುಜೂರರಲ್ಲಿ ಕೇಳಿದ್ದರು. ಜನ ಬಂದು ನನ್ನ ಹತ್ತಿರ ಇಲ್ಲದ್ದನ್ನು ಕೇಳುತ್ತಾರೆ, ನಾನು ಮಾರಿ ಆಮೇಲೆ ಬಜಾರಿನಿಂದ ತಂದು ಕೊಡಲಾ ಅಂತ. ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ ಅಂತ ಉತ್ತರ ಬಂತು. ಇದನ್ನು ಇಷ್ಟಕ್ಕೇ ಹೇಳಿ ಬಿಟ್ಟರೆ ಆ ಹೆಣ್ಣುಮಕ್ಕಳ ಕೈಕಾಲು ಕಟ್ಟಿದ ಹಾಗೆ. ಗಂಡನ ಕೂಲಿ ಸಾಲದೆ ಮಕ್ಕಳ ಫೀಸಿಗೆ ಅಂತ ಶುರು ಮಾಡಿದವರು ಅವರು. ಆದರೆ ದಾರಿ ಇದೆ ಅಲ್ವಾ? ‘ಇದು ನನ್ನ ಮಾಲಲ್ಲ, ಇಂಥವರದ್ದು, ತರಿಸಿಕೊಡಲು ನನಗೆ ಇಷ್ಟು ಕಮಿಷನ್’ ಅಂತ ಬಿಚ್ಚಿ ಹೇಳಿದರೆ ಅದು ದಲ್ಲಾಳಿ ಕೆಲಸ, ವಕಾಲತ್, ಅದಕ್ಕೆ ತಡೆ ಇಲ್ಲ. ನಮ್ಮಂಥ ಹೊಲಿಸುವವರಿಗೆ ಇನ್ನೂ ಸುಲಭ. ಬಟ್ಟೆ, ಅಳತೆ, ವಾಷ್, ಬೆಲೆ ಎಲ್ಲಾ ಗೊತ್ತು ಮಾಡಿಕೊಂಡು ಆರ್ಡರ್ ಮೇಲೆ ಹೊಲಿದುಕೊಡುವುದಕ್ಕೆ ಹನಫಿಗಳಲ್ಲಿ ಇಸ್ತಿಸ್ನಾ ಅಂತ ಬೇರೆ ಒಪ್ಪಂದವೇ ಇದೆ. ಮದೀನಾದ ಜನ ಖರ್ಜೂರಕ್ಕೆ ಒಂದು ಎರಡು ವರ್ಷ ಮೊದಲೇ ದುಡ್ಡು ಕೊಡುತ್ತಿದ್ದರು, ಕೊಡುವುದಾದರೆ ಅಳತೆ ತೂಕ ಗಡುವು ಎಲ್ಲಾ ಖಚಿತ ಇರಲಿ ಅಂದರು ಹುಜೂರ್. ಈ ದಾರಿಗಳನ್ನು ತೋರಿಸದೆ ಬಾಗಿಲು ಮಾತ್ರ ಮುಚ್ಚಿದರೆ ಜನ ಕಿಟಕಿಯಿಂದ ಹೋಗುತ್ತಾರೆ.

ಕೂಲಿ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಗೊತ್ತಿರುವುದೇ. ಬೆವರು ಆರುವ ಮೊದಲು ಕೂಲಿ ಕೊಡಿ. ಆನ್‌ಲೈನ್ ಕಂಪನಿ ನಮಗೆ ದುಡ್ಡು ತಡವಾಗಿ ಹಾಕುತ್ತೆ ಅಂತ ನಾವು ಟೈಲರಿಗೆ ತಡ ಮಾಡುತ್ತೇವೆ, ಟೈಲರ್ ಕಾಜಾ ಬಟನ್ ಮಾಡುವವರಿಗೆ ತಡ ಮಾಡುತ್ತಾನೆ, ಕೊನೆಗೆ ಮನೆಯಲ್ಲಿ ಕೂತು ದಾರ ಕತ್ತರಿಸುವ ಮುದುಕಿಗೆ ಪೀಸಿಗೆ ಪೈಸೆ ಲೆಕ್ಕದ ದುಡ್ಡೂ ವಾರಗಟ್ಟಲೆ ಬರಲ್ಲ. ಕಂಪನಿ ಯಾವಾಗ ಹಾಕುತ್ತೆ ಅನ್ನೋದು ಆ ಮುದುಕಿಯ ಲೆಕ್ಕ ಅಲ್ಲ. ಅಬೂ ಹನೀಫಾ ಅವರದ್ದೇ ಇನ್ನೊಂದು ಕಥೆ ಇದೆ. ಒಬ್ಬಾಕೆ ರೇಷ್ಮೆ ಬಟ್ಟೆ ಮಾರಲು ತಂದು ನೂರು ಅಂದಳಂತೆ, ಇದರ ಬೆಲೆ ಅದಕ್ಕಿಂತ ಜಾಸ್ತಿ ಅಂದರಂತೆ ಇಮಾಮರು. ಅವಳು ಏರಿಸುತ್ತಾ ಹೋದಳು, ಇವರು ಇನ್ನೂ ಜಾಸ್ತಿ ಅನ್ನುತ್ತಾ ಹೋದರು, ತಮಾಷೆ ಮಾಡ್ತಿದ್ದೀರಾ ಅಂತ ಅವಳಿಗೆ ಸಿಟ್ಟು ಬಂತು, ಕೊನೆಗೆ ಬೆಲೆ ಕಟ್ಟುವವರನ್ನು ಕರೆಸಿ ಐನೂರಕ್ಕೆ ಕೊಂಡರು. ನಮ್ಮ ಊರಿನಲ್ಲಿ ಹೆಂಗಸರ ಕೈಯಿಂದ ಹೊಲಿಗೆ ಮಾಡಿಸಿಕೊಳ್ಳುವ ಯಜಮಾನರ ಮುಂದೆ ಇದನ್ನು ಜೋರಾಗಿ ಓದಿ.

ವಾಷಿಂಗ್ ನೀರು ಚರಂಡಿಗೆ ನೀಲಿಯಾಗಿ ಹರಿಯುವುದನ್ನೂ ಸೇರಿಸಬಹುದು. ಯಾರಿಗೂ ಹಾನಿ ಮಾಡಬೇಡಿ, ಹಾನಿಗೆ ಹಾನಿ ಬೇಡ ಅನ್ನುವ ಹದೀಸ್ ಇದ್ದೇ ಇದೆ. ಅದು ಬೇರೆ ಪತ್ರಕ್ಕೆ ಆಗುವಷ್ಟು ಇದೆ, ಇಲ್ಲಿ ಬಿಡುತ್ತೇನೆ.

ಬಡ್ಡಿಗೆ ಬರೋಣ. ಬಡ್ಡಿ ಬೇಡ ಅಂತ ಹೇಳುವವರು ಬಡ್ಡಿ ಇಲ್ಲದೆ ಬಂಡವಾಳ ಎಲ್ಲಿ ಸಿಗುತ್ತೆ ಅನ್ನೋದನ್ನೂ ಹೇಳಬೇಕು. ಆರ್ಡರ್ ಜಾಸ್ತಿ ಆದ ಕೂಡಲೇ ಆ್ಯಪಿನಲ್ಲಿ ‘ನಿಮಗೆ ಎರಡು ಲಕ್ಷ ಸಾಲ ಮಂಜೂರಾಗಿದೆ’ ಅಂತ ಬರುತ್ತೆ, ಒಂದು ಬಟನ್ ಒತ್ತಿದರೆ ದುಡ್ಡು ಖಾತೆಯಲ್ಲಿ. ಹಬ್ಬದ ಸೀಸನ್ ಮುಂದಿದೆ, ಬಟ್ಟೆ ತರಬೇಕು, ಒತ್ತದೆ ಇರುವುದು ಸುಲಭ ಅಲ್ಲ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬರಲಿ ಅಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪ ಕೈಬಿಟ್ಟಿತು. ಹಾಗಾಗಿ ಆ ಬಾಗಿಲು ಈಗ ಇಲ್ಲ. ಇನ್ನೊಂದು ಕಡೆ 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಕುಸಿದದ್ದು ಯಾರಿಗೆ ಮರೆತಿದೆ? ಬಡ್ಡಿ ಅಲ್ಲ, ಲಾಭದಲ್ಲಿ ಪಾಲು ಅಂತ ಹೇಳಿ ದುಡ್ಡು ಸೇರಿಸಿದ್ದ ಕಂಪನಿ ಅದು. ಸಾವಿರಾರು ಮನೆಗಳ ಉಳಿತಾಯ ಹೋಯಿತು, ಅದರಲ್ಲಿ ಎಷ್ಟೋ ಹೆಂಗಸರ ಒಡವೆ ದುಡ್ಡು. ಈಗ ಯಾರಾದರೂ ‘ಹಲಾಲ್ ಇನ್ವೆಸ್ಟ್‌ಮೆಂಟ್’ ಅಂದರೆ ನನಗೆ ಮೊದಲು ಭಯವೇ ಆಗುತ್ತೆ. ಪೇಜಿನ ಹೆಸರಿಗೆ ಹಲಾಲ್, ಸುನ್ನತ್, ಮದೀನಾ ಅಂತ ಸೇರಿಸಿಕೊಂಡವರ ಲೆಕ್ಕವನ್ನು ಉಳಿದವರಿಗಿಂತ ಎರಡು ಪಟ್ಟು ಜಾಸ್ತಿ ಕೇಳಬೇಕು ಅಂತ ಬಯಾನಿನಲ್ಲಿ ಹೇಳಿ. ನಾನಂತೂ ನನ್ನ ಪೇಜಿಗೆ ಅಂಥ ಹೆಸರು ಇಟ್ಟಿಲ್ಲ. ಪ್ಯಾಂಟ್ ಚೆನ್ನಾಗಿದ್ದರೆ ಕೊಳ್ಳಲಿ.

ಹಾಗಾದರೆ ದಾರಿ? ನನಗೆ ಕಾಣುವುದು ಚಿಕ್ಕ ದಾರಿಗಳೇ. ಪಾಲುದಾರಿಕೆ ಮಾಡಿ, ಲಾಭ ನಷ್ಟ ಎರಡರಲ್ಲೂ ಪಾಲು ಇರಲಿ, ಮೊದಲೇ ಬರೆದಿಡಿ. ಬಕರಾದ 282ನೇ ಆಯತ್ ಕುರ್‌ಆನಿನಲ್ಲೇ ಅತಿ ಉದ್ದದ್ದು, ಅದು ಸಾಲದ ಲೆಕ್ಕ ಬರೆದಿಡುವುದರ ಬಗ್ಗೆ. ಆದರೂ ನಮ್ಮಲ್ಲಿ ಭಾವ, ಮೈದುನ, ದೋಸ್ತ್ ಅಂತ ಬಾಯಿಮಾತಿನಲ್ಲೇ ಲಕ್ಷಗಟ್ಟಲೆ ವ್ಯವಹಾರ, ಬರೆಯೋಣ ಅಂದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ಮುನಿಸು. ಎಷ್ಟು ಮನೆಗಳು ಇದರಿಂದಲೇ ಒಡೆದಿವೆ. ಮಸೀದಿಯಲ್ಲಿ ಒಂದು ಸರಳ ಒಪ್ಪಂದದ ನಮೂನೆ ಕನ್ನಡದಲ್ಲಿ ಅಚ್ಚು ಹಾಕಿಸಿ ಇಟ್ಟರೆ ಎಷ್ಟು ಖರ್ಚು ಬರುತ್ತೆ? ಇನ್ನೊಂದು, ಕಮಿಟಿಯಿಂದ ಕರ್ಜೆ ಹಸನಾ ನಿಧಿ. ಚಿಕ್ಕ ಮೊತ್ತ, ಬಡ್ಡಿ ಇಲ್ಲ, ಇಬ್ಬರ ಜಾಮೀನು, ಲೆಕ್ಕ ಪ್ರತಿ ತಿಂಗಳು ಗೋಡೆ ಮೇಲೆ. ಜನರಿಂದ ಠೇವಣಿ ತೆಗೆದುಕೊಳ್ಳಬೇಡಿ, ಲಾಭದ ಆಸೆ ತೋರಿಸಬೇಡಿ, ದಾನದ ದುಡ್ಡಿನಲ್ಲಿ ಮಾತ್ರ ನಡೆಸಿ, ಮೊದಲು ವಕೀಲರನ್ನೋ ಆಡಿಟರನ್ನೋ ಕೇಳಿ. ಮಿನಾರಿಗೆ ಬಣ್ಣ ಹೊಡೆಸಲು ಕೂಡುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಬಂದರೆ ಬೇಕಾದಷ್ಟಾಯಿತು. ಈ ಮಾತಿಗೆ ಕೆಲವರಿಗೆ ಬೇಜಾರಾಗಬಹುದು, ಆಗಲಿ.

ರಂಜಾನ್ ಬಂದಾಗ ಜಕಾತ್, ಅಂದರೆ ಕಡ್ಡಾಯ ದಾನದ ಬಗ್ಗೆ ಹೇಳುತ್ತೀರಿ. ಬಂಗಾರ ಬೆಳ್ಳಿ ಲೆಕ್ಕ ಎಲ್ಲರಿಗೂ ಬಾಯಿಪಾಠ ಆಗಿದೆ. ಆದರೆ ಮಾರಾಟದ ಮಾಲಿಗೂ ಶೇಕಡಾ 2.5 ಇದೆ ಅನ್ನೋದು ಮನೆಯಲ್ಲಿ ಕೂತು ಮಾರುವ ಹೆಂಗಸರಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದವರಿಗೂ ಪ್ರಶ್ನೆಗಳಿವೆ. ಕೊರಿಯರಿನಲ್ಲಿ ದಾರಿಯಲ್ಲಿರುವ ಮಾಲು ನನ್ನದಾ ಗಿರಾಕಿಯದ್ದಾ? ಕಂಪನಿ ಇನ್ನೂ ಹಾಕದ ದುಡ್ಡನ್ನು ಈ ವರ್ಷಕ್ಕೆ ಸೇರಿಸಬೇಕಾ? ಕಟ್ ಮಾಡಿ ಹೊಲಿಯದೆ ಇಟ್ಟ ಬಟ್ಟೆಗೆ ಯಾವ ಬೆಲೆ ಹಿಡಿಯಬೇಕು? ಇವಕ್ಕೆ ಉತ್ತರ ಇರುತ್ತೆ, ನಮ್ಮವರೆಗೆ ಬಂದಿಲ್ಲ ಅಷ್ಟೇ.

ಇದೇ ನನ್ನ ದೊಡ್ಡ ತಕರಾರು. ನೀವು ಶುಕ್ರವಾರದ ಜುಮ್ಮಾ ನಮಾಜಿನಲ್ಲಿ ಎಷ್ಟೇ ಚೆನ್ನಾಗಿ ಹೇಳಿದರೂ ಅದು ಗಂಡಸರ ಕಿವಿಗೆ. ನಮ್ಮ ಮಸೀದಿಯಲ್ಲಿ ಹೆಂಗಸರಿಗೆ ಜಾಗ ಇಲ್ಲ. ಮೈಕಿನಲ್ಲಿ ಅಲ್ಲೊಂದು ಇಲ್ಲೊಂದು ಮಾತು ಕೇಳಿಸಿದರೆ ಕೇಳಿಸಿತು, ಅಷ್ಟೊತ್ತಿಗೆ ಕುಕ್ಕರ್ ಕೂಗುತ್ತಿರುತ್ತೆ. ಆದರೆ ಈಗ ಮನೆಯಿಂದ ಮಾರುತ್ತಿರುವವರಲ್ಲಿ ಹೆಂಗಸರೇ ಎಷ್ಟೋ ಜನ. ದುಪಟ್ಟಾ, ಬುರ್ಖಾ, ಮಕ್ಕಳ ಬಟ್ಟೆ, ಮಸಾಲೆ ಪುಡಿ, ಉಪ್ಪಿನಕಾಯಿ, ಮೆಹೆಂದಿ ಕೋನ್. ನಮ್ಮ ಪ್ರಶ್ನೆ ಗಂಡನ ಬಾಯಿಂದ ಹೋಗಿ ಉತ್ತರ ಗಂಡನ ಬಾಯಿಂದ ಬರುತ್ತೆ, ಮಧ್ಯದಲ್ಲಿ ಅರ್ಧ ಸೋರಿಹೋಗಿರುತ್ತೆ. ಹೆಂಗಸರ ವ್ಯಾಪಾರ ಅಂದರೆ ನಿಮ್ಮಲ್ಲಿ ಬರುವ ಮೊದಲ ಪ್ರಶ್ನೆ ಲೈವಿನಲ್ಲಿ ಮುಖ ತೋರಿಸಬಹುದಾ, ಪರಪುರುಷರ ಜೊತೆ ಚಾಟ್ ಮಾಡಬಹುದಾ ಅನ್ನೋದು. ಅದನ್ನೂ ಹೇಳಿ, ಬೇಡ ಅನ್ನಲ್ಲ. ಆದರೆ ತೂಕ, ಅಳತೆ, ದೋಷ, ಕೂಲಿ, ವಾಪಸ್, ಇವು ನಮಗೂ ಅನ್ವಯ ಆಗುತ್ತವೆ, ಅಳತೆಯಲ್ಲಿ ಕಡಿಮೆ ಕೊಡುವವರಿಗೆ ಕೇಡು ಅಂತ ಶುರುವಾಗುವ ಸೂರಃ ಗಂಡಸರಿಗೆ ಮಾತ್ರ ಇಳಿದದ್ದಲ್ಲ. ಹುಜೂರರ ಪತ್ನಿ ಉಮ್ಮುಲ್ ಮೋಮಿನೀನ್ ಖದೀಜಾ ಅವರ ಸರಕು ಶಾಮ್ (ಈಗಿನ ಸಿರಿಯಾ ಕಡೆಯ) ದೇಶದವರೆಗೆ ಹೋಗುತ್ತಿತ್ತು ಅನ್ನೋದನ್ನು ಪ್ರತಿ ಬಯಾನಿನಲ್ಲೂ ಹೊಗಳುತ್ತೀರಿ, ಅವರ ದಾರಿಯಲ್ಲಿ ನಡೆಯುವವರಿಗೆ ಒಂದು ಗಂಟೆ ಪಾಠ ಇಡಿ.

ಕೇಳುತ್ತಿರುವುದು ಇಷ್ಟು. ಮುಂದಿನ ಕೆಲವು ಜುಮ್ಮಾಗಳಲ್ಲಿ ವ್ಯಾಪಾರದ ಬಗ್ಗೆ ಮಾತ್ರ ಬಯಾನ್ ಆಗಲಿ, ಬಡ್ಡಿ ಬಿಟ್ಟು ಬೇರೆ ವಿಷಯದಿಂದ ಶುರುವಾಗಲಿ. ಹೆಂಗಸರಿಗೆ ಮದರಸಾದ ಹಾಲಿನಲ್ಲೋ ಶಾದಿ ಮಹಲಿನಲ್ಲೋ ಬೇರೆ ಸಭೆ ಇಡಿ, ಸಂಜೆಯ ಅಸರ್ ನಮಾಜ್ ಮುಗಿದ ಮೇಲೆ ಆದರೆ ನಮಗೆ ಅನುಕೂಲ, ಮಕ್ಕಳನ್ನು ಜೊತೆಗೆ ತರುತ್ತೇವೆ, ಗಲಾಟೆ ಆಗುತ್ತೆ, ಸಹಿಸಿಕೊಳ್ಳಬೇಕು. ಒಬ್ಬ ಮುಫ್ತಿ ಸಾಹೇಬರ ಪಕ್ಕದಲ್ಲಿ ಜಿಎಸ್‌ಟಿ ಗೊತ್ತಿರುವ ಒಬ್ಬ ಆಡಿಟರ್ ಇರಲಿ, ಅವರು ಯಾವ ಧರ್ಮದವರಾದರೂ ಸರಿ. ಟ್ಯಾಕ್ಸ್ ಕದಿಯುವುದರ ಬಗ್ಗೆಯೂ ಅಲ್ಲೇ ಕೇಳಿಬಿಡುತ್ತೇವೆ. ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸುತ್ತೇವೆ, ನೋಡಿಕೊಂಡು ಬನ್ನಿ. ಉತ್ತರವನ್ನು ಕನ್ನಡದಲ್ಲಿ ಬರೆದು ಮಸೀದಿಯ ನೋಟಿಸ್ ಬೋರ್ಡಿಗೆ ಹಾಕಿ, ಅದರ ಫೋಟೋ ನಾವು ಎಲ್ಲಾ ಗ್ರೂಪುಗಳಿಗೂ ಕಳಿಸುತ್ತೇವೆ. ಒಬ್ಬ ಆಲಿಮರಿಗೂ ಇನ್ನೊಬ್ಬ ಆಲಿಮರಿಗೂ ಉತ್ತರದಲ್ಲಿ ವ್ಯತ್ಯಾಸ ಬಂದರೆ ಎರಡನ್ನೂ ಹಾಕಿ, ನಾವು ಓದಿಕೊಳ್ಳುತ್ತೇವೆ.

ಸಭೆ ಇಟ್ಟರೆ ಹಿಂದಿನ ದಿನ ತಿಳಿಸಿ. ಮಾದರಿಗೆ ಅಂತ ನಾನು ಎರಡು ಪ್ಯಾಂಟ್ ತರುತ್ತೇನೆ, ಒಂದು ಫ್ರೆಶ್, ಒಂದು ಸೆಕೆಂಡ್ಸ್. ಯಾವುದು ಯಾವುದು ಅಂತ ಫೋಟೋ ನೋಡಿ ಮೊದಲು ಮುಫ್ತಿ ಸಾಹೇಬರೇ ಹೇಳಲಿ.

ವಸ್ಸಲಾಮ್,
ಕೌಲ್ ಬಜಾರಿನ ಒಬ್ಬ ಜೀನ್ಸ್ ವ್ಯಾಪಾರಿ